ಬೀಗದ ಕೈಗೊಂದು ಉಕ್ಕಿನ ಪೆಟ್ಟಿಗೆ

ರಾತ್ರಿ ಹತ್ತರ ಮೇಲೆ ಬೆಂಗಳೂರಿನ ಕುಮಾರಸ್ವಾಮಿ ಲೇಔಟಿನ ಯಾವುದಾದರೂ ಅಡ್ಡರಸ್ತೆಗೆ ಹೋಗಿ ನೋಡಿ. ಮೂವತ್ತು-ನಲವತ್ತರ ಸೈಟು, ಕೆಳಗೆ ಪಾರ್ಕಿಂಗು, ಮೇಲೆ ಮೂರೋ ನಾಲ್ಕೋ ಮಹಡಿ. ಮೆಟ್ಟಿಲ ಬುಡದಲ್ಲಿ ಕೊಲ್ಯಾಪ್ಸಿಬಲ್ ಗೇಟು, ಅದಕ್ಕೆ ಒಳಗಿನಿಂದ ಬೀಗ. ಕಾಲೇಜುಗಳ ಆಸುಪಾಸಿನ ಪಿ.ಜಿ.ಗಳಾದರೆ ಗೇಟಿಗೆ ಬೀಗ ಬೀಳುವುದು ಇನ್ನೂ ಬೇಗ. ಕೀ ಇರುವುದು ಓನರ್ ಹತ್ತಿರ, ಇಲ್ಲವೇ ವಾಚ್‌ಮನ್ ಜೇಬಿನಲ್ಲಿ. ಕಳ್ಳರಿಂದ ಕಾಪಾಡಿಕೊಳ್ಳಲು ಇದು ಒಳ್ಳೆಯ ಏರ್ಪಾಡೇ. ಆದರೆ ಅಂಥ ಕಟ್ಟಡದಲ್ಲಿ ಬೆಂಕಿ ಹೊತ್ತಿಕೊಂಡರೆ, ಬಂದ ಅಗ್ನಿಶಾಮಕ ಸಿಬ್ಬಂದಿ ಮೊದಲು ಗುದ್ದಾಡಬೇಕಾಗುವುದು ಬೆಂಕಿಯ ಜೊತೆಗಲ್ಲ, ಗೇಟಿನ ಜೊತೆ.

ಒಂದೆರಡು ನಿಮಿಷ ತಡವಾದರೆ ಏನಂತೆ ಎನ್ನುವವರು ಅಮೆರಿಕದ ಯು.ಎಲ್. ಸಂಸ್ಥೆ ನಡೆಸಿದ ಒಂದು ಪ್ರಯೋಗವನ್ನು ಗಮನಿಸಬೇಕು. ಅಲ್ಲಿ ಎರಡು ಬಗೆಯ ಕೋಣೆಗಳಿಗೆ ಬೆಂಕಿ ಇಟ್ಟರು. ಒಂದರಲ್ಲಿ ಮರ, ಹತ್ತಿಯ ಹಳೇ ಕಾಲದ ಸಾಮಾನು. ಇನ್ನೊಂದರಲ್ಲಿ ಇವತ್ತಿನ ಫೋಮ್ ಸೋಫಾ, ಸಿಂಥೆಟಿಕ್ ಪರದೆ, ಪ್ಲಾಸ್ಟಿಕ್ಕು. ಹಳೇ ಕೋಣೆ ಪೂರ್ತಿ ಹೊತ್ತಿಕೊಳ್ಳಲು ಅರ್ಧ ಗಂಟೆಯ ಹತ್ತಿರ ಹಿಡಿಯಿತು, ಹೊಸದಕ್ಕೆ 5 ನಿಮಿಷವೂ ಬೇಕಾಗಲಿಲ್ಲ. ಬೆಂಕಿಯ ಬಿಸಿ ಹೊಗೆ ಸೂರಿನಡಿ ಪದರವಾಗಿ ನಿಲ್ಲುತ್ತದೆ. ಅದರ ತಾಪ 500-600 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಕೆಳಕ್ಕೆ ಸೂಸುವ ಶಾಖದಿಂದಲೇ ಮಂಚ, ಬಟ್ಟೆ, ಪುಸ್ತಕಗಳೆಲ್ಲ ಉರಿಯುವ ಅನಿಲ ಬಿಡತೊಡಗುತ್ತವೆ. ಆಮೇಲೆ ಕೋಣೆಯಲ್ಲಿರುವುದೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಧಗ್ಗೆನ್ನುತ್ತದೆ. ಇದಕ್ಕೆ ಫ್ಲ್ಯಾಶ್‌ಓವರ್ ಎನ್ನುತ್ತಾರೆ. ಆ ಕೋಣೆಯಲ್ಲಿ ಅದಾದ ಮೇಲೆ ಬದುಕುಳಿಯುವವರು ಇಲ್ಲವೆಂದೇ ಹೇಳಬೇಕು.

ಬೀಗ ಮುರಿಯುವುದರಲ್ಲಿ ಕಳೆಯುವ ಈ ಹೊತ್ತನ್ನು ಉಳಿಸಲು ಹೊರದೇಶಗಳಲ್ಲಿ ಬಳಕೆಗೆ ಬಂದದ್ದು ಕೀ ಪೆಟ್ಟಿಗೆ. ಅಮೆರಿಕದಲ್ಲಿ ಇದನ್ನು ಮನೆಮಾತು ಮಾಡಿದ ನಾಕ್ಸ್ ಕಂಪನಿ ಶುರುವಾದದ್ದು 1975ರಲ್ಲಿ. ಪೆಟ್ಟಿಗೆ ನೋಡಲು ಅಂಗೈಯಷ್ಟೇ. ಆದರೆ ಕಾಲಂಗುಲ ದಪ್ಪದ ಉಕ್ಕಿನದು, ಮುಚ್ಚಳ ಅದಕ್ಕಿಂತ ದಪ್ಪ. ಮುಂಬಾಗಿಲ ಪಕ್ಕದ ಗೋಡೆಗೆ ಆಳೆತ್ತರದಲ್ಲಿ ಬೋಲ್ಟ್ ಹಾಕಿ ಕೂರಿಸುತ್ತಾರೆ. ಕಟ್ಟಡದ ಕೀಗಳು ಅದರೊಳಗೆ. ಪೆಟ್ಟಿಗೆ ತೆಗೆಯುವ ಕೀ ಮಾತ್ರ ಅಗ್ನಿಶಾಮಕ ಠಾಣೆಯದು. ದುಡ್ಡು ಕೊಟ್ಟು ಕೊಂಡ ಮಾಲೀಕನ ಹತ್ತಿರವೂ ಅದಿರುವುದಿಲ್ಲ. ಗಾಡಿ ಬಂತು, ಪೆಟ್ಟಿಗೆ ತೆಗೆದರು, ಬಾಗಿಲು ತೆರೆದರು. ಬಾಗಿಲು ಒಡೆದಿರುವುದಿಲ್ಲವಾದ್ದರಿಂದ ಹೊರಡುವಾಗ ಮತ್ತೆ ಬೀಗ ಹಾಕಿಕೊಂಡೂ ಹೋಗಬಹುದು.

ಇದರ ಅನುಕೂಲ ಎಲ್ಲಿದೆಯೋ ಅಪಾಯವೂ ಅಲ್ಲೇ ಇದೆ. ಒಂದು ಊರಿನ ಪೆಟ್ಟಿಗೆಗಳೆಲ್ಲ ಒಂದೇ ಕೀಗೆ ತೆರೆದುಕೊಳ್ಳುತ್ತವೆ. ನಾವು ಬಳಸುವ ಸಾಮಾನ್ಯ ಬೀಗದೊಳಗೆ ಸ್ಪ್ರಿಂಗ್ ಒತ್ತಿಹಿಡಿದ ಸಣ್ಣ ಪಿನ್ನುಗಳ ಸಾಲಿರುತ್ತದೆ. ಪ್ರತಿ ಪಿನ್ನೂ ಎರಡು ತುಂಡು. ಸರಿಯಾದ ಕೀ ಹೊಕ್ಕರೆ ಅದರ ಹಲ್ಲುಗಳು ಒಂದೊಂದು ಪಿನ್ನನ್ನೂ ಬೇಕಾದಷ್ಟೇ ಎತ್ತಿ, ತುಂಡುಗಳ ನಡುವಿನ ಸೀಳೆಲ್ಲ ಒಂದೇ ಗೆರೆಗೆ ಬರುವಂತೆ ಮಾಡುತ್ತವೆ. ಆಗ ಒಳಗಿನ ಉರುಳೆ ತಿರುಗುತ್ತದೆ. ಹಾಗೆಂದರೆ ಕೀಯ ಆಕಾರ ಬೀಗದೊಳಗೇ ಅಡಗಿದೆ. ಒಂದು ಪೆಟ್ಟಿಗೆಯನ್ನು ಕಿತ್ತುಕೊಂಡು ಹೋಗಿ, ಬಿಚ್ಚಿ, ಪಿನ್ನುಗಳ ಉದ್ದ ಅಳೆದರೆ ಇಡೀ ಊರಿನ ಕೀ ಮಾಡಿಸಿಕೊಂಡಂತೆ. ಅಷ್ಟು ಕಷ್ಟವೂ ಬೇಕಿಲ್ಲವೆಂದು 2012ರಲ್ಲಿ ನ್ಯೂಯಾರ್ಕ್ ತೋರಿಸಿತು. ಅಲ್ಲಿ ಅಗ್ನಿಶಾಮಕರು, ಲಿಫ್ಟ್ ಮೆಕ್ಯಾನಿಕ್ಕುಗಳು ಬಳಸುವ ಸಾರ್ವತ್ರಿಕ ಕೀಗಳ ಒಂದು ಗೊಂಚಲನ್ನು ಬೀಗ ರಿಪೇರಿಯವನೊಬ್ಬ ಮಾರಾಟಕ್ಕಿಟ್ಟದ್ದನ್ನು ಪತ್ರಿಕೆಯೊಂದು ಬಯಲಿಗೆಳೆಯಿತು.

ಹಾಗಾಗಿ ಕೀಯನ್ನೇ ಕಾಯುವ ಸಾಧನಗಳು ಬಂದವು. ಗಾಡಿಯೊಳಗೆ ಇನ್ನೊಂದು ಡಬ್ಬ. ಸಿಬ್ಬಂದಿ ತಮ್ಮ ಪಿನ್ ನಂಬರ್ ಒತ್ತಿದರೆ ಮಾತ್ರ ಕೀ ಬಿಡುತ್ತದೆ, ಯಾರು ಎಷ್ಟು ಹೊತ್ತಿಗೆ ತೆಗೆದರೆಂಬುದೂ ದಾಖಲಾಗುತ್ತದೆ. ಜರ್ಮನರು ಇನ್ನೂ ಬಿಗಿ. ಅವರ ದೊಡ್ಡ ಕಟ್ಟಡಗಳ ಪೆಟ್ಟಿಗೆಗೆ ಎರಡು ಬಾಗಿಲು. ಹೊರಬಾಗಿಲು ತೆರೆಯುವುದು ಕಟ್ಟಡದ ಫೈರ್ ಅಲಾರಂ ಮೊಳಗಿದಾಗ ಮಾತ್ರ, ಒಳಬಾಗಿಲಿಗೆ ಅಗ್ನಿಶಾಮಕರ ಕೀ ಬೇಕು. ಬೆಂಕಿಯಿಲ್ಲದ ದಿನ ಕೀ ಕದ್ದವನಿಗೆ ಸಿಗುವುದು ಮುಚ್ಚಿದ ಮುಚ್ಚಳ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಆದರೆ ನಮ್ಮ ಮೂವತ್ತು-ನಲವತ್ತರ ಕಟ್ಟಡಗಳಲ್ಲಿ ಫೈರ್ ಅಲಾರಂ ಎಲ್ಲಿಂದ ಬರಬೇಕು?

ಪೆಟ್ಟಿಗೆಯಿಂದ ಬಗೆಹರಿಯದ ಸಂಗತಿಯೂ ಇದೆ, ಬೆಂಗಳೂರಿಗೆ ಅದರ ಅನುಭವವೂ ಆಗಿದೆ. 2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿದಾಗ ಹೊರಹೋಗುವ ದಾರಿಗಳೇ ಮುಚ್ಚಿದ್ದವು. ಕೆಲವರು ಕಿಟಕಿಯಿಂದ ಹಾರಿದರು. ಸತ್ತವರು 9 ಮಂದಿ. 2021ರ ಸೆಪ್ಟೆಂಬರ್ 21ರಂದು ಬನ್ನೇರುಘಟ್ಟ ರಸ್ತೆ ಕಡೆಯ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ಇಬ್ಬರು ಹೆಂಗಸರು ಬೆಂಕಿಗೆ ಸಿಕ್ಕಿ ತೀರಿಕೊಂಡರು, ಅವರಲ್ಲೊಬ್ಬರು ಬಾಲ್ಕನಿಯ ಗ್ರಿಲ್ ಹಿಂದೆ ಸಿಕ್ಕಿಕೊಂಡಿದ್ದರು. ಇಂಥ ಕಡೆ ಒಳಗಿರುವವರೇ ಹೊರಬರುವಂತಿರಬೇಕು. ಹೊರದಾರಿಯ ಬಾಗಿಲನ್ನು ಒಳಗಿನವರು ಕೀ ಇಲ್ಲದೆ ತೆರೆಯುವಂತಿರಬೇಕೆಂದು ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯೇ ಹೇಳುತ್ತದೆ.

ಟೆರೇಸ್ ಬಾಗಿಲ ಕತೆ ನೋಡಿ. ಮೇಲೆ ನೀರಿನ ಟ್ಯಾಂಕು, ಸೋಲಾರು. ಬಾಡಿಗೆಯವರ ಮಕ್ಕಳು ಹತ್ತಬಾರದೆಂದು ಓನರ್ ಬೀಗ ಜಡಿದಿರುತ್ತಾರೆ. ಬಿಸಿ ಹೊಗೆ ಹಗುರ. ಮೆಟ್ಟಿಲ ಗೂಡೇ ಅದಕ್ಕೆ ಚಿಮಣಿ. ಮೀಟರ್ ಬೋರ್ಡ್ ಹತ್ತಿರ ಎದ್ದ ಹೊಗೆ ನೆಟ್ಟಗೆ ಮೇಲೇರಿ, ಮುಚ್ಚಿದ ಬಾಗಿಲಡಿ ಕೂಡಿಕೊಂಡು, ಮೇಲಿನ ಮಹಡಿಯಿಂದ ಕೆಳಮುಖವಾಗಿ ತುಂಬುತ್ತಾ ಬರುತ್ತದೆ. ಗಾಬರಿಯಲ್ಲಿ ಮೇಲಕ್ಕೆ ಓಡುವವರು ಸೇರುವುದೂ ಅಲ್ಲಿಗೇ. ಅಲ್ಲಿ ಬೀಗದ ಬದಲು ಒಳಗಿನಿಂದ ಒಂದು ಗಟ್ಟಿ ಚಿಲಕ ಸಾಕು.

ಇನ್ನು ಗೇಟಿನ ಕೀ, ಮೀಟರ್ ರೂಮಿನದು, ಲಿಫ್ಟ್ ಇದ್ದರೆ ಅದರದು, ಇವು ಪೆಟ್ಟಿಗೆಗೆ. ಜೊತೆಗೆ ಒಂದು ಹಾಳೆಯನ್ನೂ ಇಡಬಹುದು: ಯಾವ ಮಹಡಿಯಲ್ಲಿ ನಡೆಯಲಾಗದ ಅಜ್ಜಿ ಇದ್ದಾರೆ, ಸಿಲಿಂಡರುಗಳು ಎಲ್ಲಿವೆ. ಗ್ರೆನ್‌ಫೆಲ್ ಟವರ್ ಎಂಬ ವಸತಿ ಕಟ್ಟಡದ ಬೆಂಕಿ ದುರಂತದ ನಂತರ ಇಂಗ್ಲೆಂಡಿನಲ್ಲಿ 18 ಮೀಟರ್ ಅಥವಾ 7 ಮಹಡಿ ಮುಟ್ಟುವ ವಸತಿ ಕಟ್ಟಡಗಳಿಗೆ, ನಕ್ಷೆಗಳನ್ನಿಟ್ಟ ಮಾಹಿತಿ ಪೆಟ್ಟಿಗೆ 2023ರ ಜನವರಿಯಿಂದ ಕಡ್ಡಾಯವಾಗಿದೆ.

ತೊಡಕು ಬೇರೆ ಕಡೆ ಇದೆ. ಬೀಗ ಕೆಟ್ಟಾಗ ಓನರ್ ಮೂಲೆಯ ಹಾರ್ಡ್‌ವೇರ್ ಅಂಗಡಿಯಿಂದ ಹೊಸದು ತಂದು ಹಾಕುತ್ತಾರೆ, ಪೆಟ್ಟಿಗೆಯೊಳಗಿನ ಕೀ ಹಳೆಯದಾಗಿಯೇ ಉಳಿಯುತ್ತದೆ. ಅಮೆರಿಕದ ಅಗ್ನಿ ಸಂಹಿತೆ ಇದನ್ನು ಮೊದಲೇ ಊಹಿಸಿ, ಬೀಗ ಬದಲಾದ ಕೂಡಲೇ ಅಧಿಕಾರಿಗೆ ತಿಳಿಸಿ ಹೊಸ ಕೀ ಇಡಿಸಬೇಕೆಂದು ಮಾಲೀಕನಿಗೆ ವಿಧಿಸಿದೆ. ನಮ್ಮಲ್ಲಿ ಆ ಕೆಲಸ ಯಾರ ಹೆಗಲಿಗೆ ಎಂಬುದನ್ನು ಪೆಟ್ಟಿಗೆ ಕೊಳ್ಳುವ ಮೊದಲೇ ಗೊತ್ತುಮಾಡಿಕೊಳ್ಳಬೇಕಾಗುತ್ತದೆ.