ಕಲ್ಲು ಒಂದು, ಸಾಲು ಎರಡು

ಬೇಲೂರಿನ ಹಳೆಯ ಶಾಸನಗಳಿಗೆ ಎರಡೆರಡು ಸಂಖ್ಯೆಗಳಿವೆ. ಬಿ.ಎಲ್. ರೈಸ್ ಅವರು 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟವಾಗಿ ತಂದಾಗ ತಾಲ್ಲೂಕುವಾರು ಕೊಟ್ಟ ಸಂಖ್ಯೆ ಒಂದು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿ ಕೊಟ್ಟದ್ದು ಇನ್ನೊಂದು. ಅದರಲ್ಲಿ ಬೇಲೂರು ತಾಲ್ಲೂಕು 1990ರ ಒಂಬತ್ತನೆಯ ಸಂಪುಟಕ್ಕೆ ಬಂತು, ಅರಸೀಕೆರೆ ಹತ್ತನೆಯದಕ್ಕೆ ಹೋಯಿತು. ಇವೆರಡನ್ನೂ ಒಂದೇ ಡೇಟಾಬೇಸ್ ಟೇಬಲಿಗೆ ಇಳಿಸಿದರೆ ಒಂದು ಕಲ್ಲಿಗೆ ಎರಡು ಸಾಲು ಬೀಳುವುದು ಖಂಡಿತ. ಆಮೇಲೆ ಯಾರಿಗಾದರೂ ಅದನ್ನು ಶುಚಿಮಾಡಿ ಯೂನಿಕ್ ಕೀ ಹಾಕಿಬಿಡೋಣ ಅನ್ನಿಸುತ್ತದೆ. ಅನ್ನಿಸಬೇಕಾದದ್ದೇ. ಆದರೆ ಅವಸರದಲ್ಲಿ ಅಳಿಸಿದ ಸಾಲಿನ ಜೊತೆಗೆ ಒಬ್ಬ ವಿದ್ವಾಂಸರ ಟಿಪ್ಪಣಿಯೂ ಹೋಗಬಹುದು.

ಯೂನಿಕ್ ಕೀ ಎಂಬುದು ಒಳಗೆ ಒಂದು ಇಂಡೆಕ್ಸ್. ಹೆಚ್ಚಿನ ಡೇಟಾಬೇಸ್‌ಗಳಲ್ಲಿ ಅದರ ರಚನೆ ಬಿ-ಟ್ರೀ; 1970ರ ಸುಮಾರಿಗೆ ಬೋಯಿಂಗ್ ಸಂಸ್ಥೆಯಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ರೂಪಿಸಿದ್ದು. ಬೆಲೆಗಳೆಲ್ಲ ಅಲ್ಲಿ ನಿಘಂಟಿನ ಪದಗಳಂತೆ ಅನುಕ್ರಮವಾಗಿ ಕೂತಿರುತ್ತವೆ. ಹೊಸ ಸಾಲು ಬಂದಾಗ ಯಂತ್ರ ಲಕ್ಷಗಟ್ಟಲೆ ಸಾಲುಗಳನ್ನು ತಡಕುವುದಿಲ್ಲ. ಮೂರು ನಾಲ್ಕು ಹಂತ ಇಳಿದು, ಆ ಬೆಲೆ ಇರಬೇಕಾದ ಜಾಗಕ್ಕೆ ನೇರ ಹೋಗಿ ನೋಡುತ್ತದೆ. ಅಲ್ಲಿ ಅದೇ ಬೆಲೆ ಇದ್ದರೆ ಹೊಸ ಸಾಲನ್ನು ಒಳಗೆ ಬಿಡುವುದಿಲ್ಲ. ನೋಡುವುದಕ್ಕೂ ಸೇರಿಸುವುದಕ್ಕೂ ನಡುವೆ ಇನ್ನೊಬ್ಬರು ನುಗ್ಗದಂತೆ ಬೀಗವೂ ಇರುತ್ತದೆ. ಒಂದೇ ಕ್ಷಣದಲ್ಲಿ ಇಬ್ಬರು ಅದೇ ಶಾಸನವನ್ನು ನಮೂದಿಸಿದರೆ ಒಬ್ಬರದಷ್ಟೇ ಉಳಿಯುವುದು ಇದರಿಂದ.

ಆದರೆ ಯಾವುದು ‘ಅದೇ’ ಎಂಬುದನ್ನು ನಾವೇ ಹೇಳಿಕೊಡಬೇಕು. ಸಂಪುಟ, ತಾಲ್ಲೂಕು, ಸಂಖ್ಯೆ ಸೇರಿಸಿ ಕೀ ಮಾಡಿದರೆ ರೈಸ್ ಅವರ ಸಾಲು, ಪರಿಷ್ಕೃತ ಆವೃತ್ತಿಯ ಸಾಲು ಎರಡೂ ನಿರಾಯಾಸವಾಗಿ ಒಳಬರುತ್ತವೆ, ಏಕೆಂದರೆ ಸಂಖ್ಯೆ ಕಲ್ಲಿನದಲ್ಲ, ಪುಸ್ತಕದ್ದು. ಹಾಗಾದರೆ ಪಾಠವನ್ನೇ ಕೀ ಮಾಡೋಣವೆಂದರೆ ಇನ್ನೂ ದೊಡ್ಡ ಅನಾಹುತ. ಬೇಲೂರಿನ ಮದನಿಕೆಯರ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ವಿಗ್ರಹದಿಂದ ವಿಗ್ರಹಕ್ಕೆ ತನ್ನ ಹೆಸರು ಕೆತ್ತಿದ್ದಾನೆ; ಕೆಲವೆಡೆ ಬರೀ ‘ಮಲ್ಲಿ’, ಕೆಲವೆಡೆ ‘ಮ’. ಅಕ್ಷರಕ್ಕೆ ಅಕ್ಷರ ಒಂದೇ ಆದರೂ ಇವು ಬೇರೆ ಬೇರೆ ಕಲ್ಲುಗಳು. ಪಾಠ ಒಂದೇ ಎಂದು ಅಳಿಸಿದರೆ ಆ ಶಿಲ್ಪಿ ಎಷ್ಟು ವಿಗ್ರಹ ಕಡೆದ ಎಂಬ ಲೆಕ್ಕವೇ ಅಳಿಸಿಹೋಗುತ್ತದೆ.

ಊರಿನ ಹೆಸರಿನದು ಇನ್ನೊಂದು ತೊಡಕು. ಒಬ್ಬರು ಹಳೇಬೀಡು ಎಂದು ಬರೆದರೆ ಮತ್ತೊಬ್ಬರು ಹಳೆಬೀಡು, ಮಗದೊಬ್ಬರು ದೋರಸಮುದ್ರ. ಅರಸೀಕೆರೆ ಎಂಬ ಊರು ಹರಪನಹಳ್ಳಿ ತಾಲ್ಲೂಕಿನಲ್ಲೂ ಇದೆ. ಇವು ಕಣ್ಣಿಗೆ ಬೀಳುವ ತೊಂದರೆಗಳು. ಬೀಳದಿರುವುದು ಯೂನಿಕೋಡ್‌ನಲ್ಲಿದೆ. ಅರಸೀಕೆರೆಯ ‘ಸೀ’ಯನ್ನು ಸಕಾರಕ್ಕೆ ಗುಡಿಸಿನ ದೀರ್ಘವೆಂಬ ಒಂದೇ ಸಂಕೇತ ಹಚ್ಚಿ ಬರೆಯಬಹುದು; ಗುಡಿಸು ಬೇರೆ, ದೀರ್ಘ ಬೇರೆ ಎಂದು ಎರಡು ಸಂಕೇತ ಹಚ್ಚಿಯೂ ಬರೆಯಬಹುದು. ಬೇಲೂರಿನ ‘ಬೇ’, ಹಳೇಬೀಡಿನ ‘ಳೇ’ ಮತ್ತು ‘ಬೀ’ಗಳ ಕಥೆಯೂ ಇದೇ. ಪರದೆಯ ಮೇಲೆ ಎಳ್ಳಷ್ಟೂ ವ್ಯತ್ಯಾಸ ಕಾಣದು. ಬೈಟ್‌ಗಳನ್ನು ಹೋಲಿಸುವ ಡೇಟಾಬೇಸಿಗೆ ಮಾತ್ರ ಅವು ಎರಡು ಊರು. ಆದ್ದರಿಂದ ನಕಲು ಎಣಿಸುವ ಮೊದಲು ಪಠ್ಯವನ್ನೆಲ್ಲ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತರಬೇಕು. ಕನ್ನಡದ ದತ್ತಾಂಶದಲ್ಲಿ ಈ ಹೆಜ್ಜೆ ತಪ್ಪಿಸಿದರೆ ಮುಂದಿನ ಕೆಲಸವೆಲ್ಲ ವ್ಯರ್ಥ.

ಆಮೇಲಿನದು ಅಳಿಸುವ ಕೆಲಸ. ಮೈಎಸ್‌ಕ್ಯುಎಲ್‌ನಲ್ಲಿ ಹಿಂದೆ ‘ಆಲ್ಟರ್ ಇಗ್ನೋರ್ ಟೇಬಲ್’ ಎಂಬ ಆಜ್ಞೆ ಇತ್ತು. ಯೂನಿಕ್ ಕೀ ಹಾಕುತ್ತಲೇ ಒಂದು ಸಾಲು ಉಳಿಸಿ ಮಿಕ್ಕಿದ್ದನ್ನು ತಾನೇ ಎಸೆಯುತ್ತಿತ್ತು. 5.7ನೆಯ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದರು, ಒಳ್ಳೆಯದೇ ಆಯಿತು. ತಿದ್ದಿದ ಪಾಠವಿರುವ ಸಾಲು ಎರಡನೆಯದಾಗಿದ್ದರೆ ಅದೂ ಕಸದ ಜೊತೆ ಹೋಗುತ್ತಿತ್ತಲ್ಲ! ಈಗ ಮೊದಲು ಬ್ಯಾಕಪ್ ತೆಗೆದು, ಅದು ಮರಳಿ ತೆರೆಯುತ್ತದೆಯೇ ಎಂದು ನೋಡಿ, ಹೊಸ ನಮೂದು ನಿಲ್ಲಿಸಬೇಕು. ‘ಗ್ರೂಪ್ ಬೈ’ ಹಾಕಿ ಒಂದಕ್ಕಿಂತ ಹೆಚ್ಚಿರುವ ಗುಂಪುಗಳನ್ನು ಹೊರತೆಗೆದು, ಯಾವ ಐಡಿ ಹೋಗಬೇಕು, ಅದರ ಬದಲು ಯಾವುದು ಉಳಿಯಬೇಕು ಎಂಬ ಜೋಡಿಪಟ್ಟಿಯನ್ನು ಬೇರೊಂದು ಟೇಬಲಿನಲ್ಲಿ ಬರೆದಿಡಬೇಕು. ಹೋಗುವ ಸಾಲಿಗೆ ಅಂಟಿಕೊಂಡ ಫೋಟೊ, ಅನುವಾದ, ಉಲ್ಲೇಖಗಳನ್ನು ಉಳಿಯುವ ಐಡಿಗೆ ವರ್ಗಾಯಿಸಿದ ಮೇಲೆಯೇ ಅಳಿಸುವುದು. ‘ಆನ್ ಡಿಲೀಟ್ ಕ್ಯಾಸ್ಕೇಡ್’ ಹಾಕಿರುವ ಕಡೆ ಈ ಕ್ರಮ ತಪ್ಪಿದರೆ ತಾಯಿಸಾಲಿನೊಂದಿಗೆ ಮಕ್ಕಳೂ ಸದ್ದಿಲ್ಲದೆ ಮಾಯ. ಪೋಸ್ಟ್‌ಗ್ರೆಸ್‌ನಲ್ಲಿ ಅಳಿಸುವುದು, ಕೀ ಹಾಕುವುದು ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಮಾಡಿ, ಎಡವಟ್ಟಾದರೆ ಪೂರ್ತಿ ಹಿಂದಕ್ಕೆ ಸರಿಯಬಹುದು. ಮೈಎಸ್‌ಕ್ಯುಎಲ್‌ನಲ್ಲಿ ಆಲ್ಟರ್ ಆಜ್ಞೆ ಕೊಟ್ಟೊಡನೆ ಅದುವರೆಗಿನದೆಲ್ಲ ಕಾಯಂ ಆಗಿಬಿಡುವುದರಿಂದ ಬ್ಯಾಕಪ್ಪೇ ಗತಿ.

ಶಾಸನಗಳ ವಿಷಯದಲ್ಲಿ ನನಗೆ ಸರಿಯೆನಿಸುವುದು ಟೇಬಲನ್ನೇ ಎರಡು ಮಾಡುವುದು: ಕಲ್ಲುಗಳದೊಂದು, ಪ್ರಕಟಣೆಗಳದೊಂದು. ಆವೃತ್ತಿ, ಸಂಪುಟ, ತಾಲ್ಲೂಕು, ಸಂಖ್ಯೆಗಳ ಯೂನಿಕ್ ಕೀ ಎರಡನೆಯದಕ್ಕೆ. ನೂರಕ್ಕೂ ಹೆಚ್ಚು ವರ್ಷಗಳ ಬರಹಗಳು ರೈಸ್ ಅವರ ಸಂಖ್ಯೆಯನ್ನೇ ನೆಚ್ಚಿಕೊಂಡಿವೆ, ಅದು ಅಳಿಯಕೂಡದು. ಇನ್ನೂ ಯಾವ ಸಂಪುಟಕ್ಕೂ ಸೇರದ ಕಲ್ಲಿಗೆ ಪ್ರಕಟಣೆಯ ಸಾಲೇ ಇರುವುದಿಲ್ಲ. ಒಂದೇ ಟೇಬಲಿನಲ್ಲಿ ಉಳಿಸಿಕೊಂಡರೆ ಅಂಥ ಕಲ್ಲಿನ ಸಂಖ್ಯೆ ‘ನಲ್’ ಆಗುತ್ತದೆ. ಒಂದು ನಲ್ ಇನ್ನೊಂದಕ್ಕೆ ಸಮವಲ್ಲವಾದ್ದರಿಂದ ಸಾಮಾನ್ಯ ಯೂನಿಕ್ ಕೀ ಅಲ್ಲಿ ಏನನ್ನೂ ತಡೆಯುವುದಿಲ್ಲ. ಅದೇ ಕಲ್ಲು ಹತ್ತು ಸಲ ಬಂದರೂ ಬಿಡುತ್ತದೆ. ಅಂಥ ಕಲ್ಲು ಬಂದಾಗ ಅದು ನಿಂತಿರುವ ಜಾಗವನ್ನೂ ಪಡಿಯಚ್ಚನ್ನೂ ಲಿಪಿ ಬಲ್ಲವರೊಬ್ಬರು ಹಳೆಯವುಗಳೊಂದಿಗೆ ಇಟ್ಟು ನೋಡಿ, ಆಮೇಲೆ ನಮೂದಿಸಬೇಕು.