ನಿಮಗಿದು ಗೊತ್ತೇ? ಗ್ರೀಕರ ಪ್ರಶ್ನೆ, ನಮ್ಮ ಕಾಲದ ಉತ್ತರ

● ಗಣಿತಜ್ಞರಿಗೆ ಸಲ್ಲುವ ಫೀಲ್ಡ್ಸ್ ಪದಕದ ಮೇಲಿರುವ ಮುಖ ಆರ್ಕಿಮಿಡೀಸನದು. ಹಿಂಬದಿಯಲ್ಲಿ ಸಿಲಿಂಡರಿನೊಳಗೆ ಕೂತ ಗೋಳದ ಚಿತ್ರವಿದೆ. ಆ ಗೋಳದ ಘನಫಲ ಸಿಲಿಂಡರಿನ ಮೂರನೇ ಎರಡು ಪಾಲು ಎಂದು ಸಾಧಿಸಿದವನೂ ಅವನೇ.

● ಅಥೆನ್ಸಿನ ಪಾರ್ಥೆನಾನ್ ದೇಗುಲ (ಕ್ರಿ.ಪೂ. 447–432) ಸರಳರೇಖೆಗಳ ಕಟ್ಟಡದಂತೆ ಕಾಣುತ್ತದೆ. ಆದರೆ ಅದರ ಜಗತಿ ಉದ್ದದ ಬದಿಯ ನಡುವೆ ಸುಮಾರು 11 ಸೆಂ.ಮೀ. ಉಬ್ಬಿದೆ, ಕಂಬಗಳು ಒಳಕ್ಕೆ ವಾಲಿವೆ. ಸುವರ್ಣ ಅನುಪಾತದ ಮಾತು ಜನಪ್ರಿಯವಾದರೂ ಜಗತಿಯ ಅಗಲ–ಉದ್ದದ ಅನುಪಾತ 4:9.

● 13ನೇ ಶತಮಾನದಲ್ಲಿ ಆರ್ಕಿಮಿಡೀಸನ ಬರಹಗಳಿದ್ದ ಚರ್ಮದ ಹಾಳೆಗಳನ್ನು ಉಜ್ಜಿ ಅಳಿಸಿ, ಅವುಗಳ ಮೇಲೆ ಪ್ರಾರ್ಥನೆಗಳನ್ನು ಬರೆದುಕೊಂಡಿದ್ದರು. ವಿಶೇಷ ಛಾಯಾಗ್ರಹಣ ಮತ್ತು ಎಕ್ಸ್-ರೇ ನೆರವಿನಿಂದ ಆ ಅಕ್ಷರಗಳನ್ನು ಮತ್ತೆ ಓದಲಾಯಿತು. ಅದರಲ್ಲಿದ್ದ ‘ಸ್ಟೊಮಾಕಿಯನ್’ 14 ತುಂಡುಗಳ ಒಗಟು. ಅವನ್ನು ಜೋಡಿಸಿ ಚೌಕ ಮಾಡುವ ಬಗೆಗಳೆಷ್ಟು? 2003ರಲ್ಲಿ ಲೆಕ್ಕ ಸಿಕ್ಕಿತು: 17,152.

● ಹತ್ತು ಸರಳ ಹೇಳಿಕೆಗಳಿಂದ 1,03,049 ಸಂಯುಕ್ತ ಹೇಳಿಕೆಗಳು ಹುಟ್ಟುತ್ತವೆ ಎಂದು ಖಗೋಳಜ್ಞ ಹಿಪಾರ್ಕಸ್ ಎಣಿಸಿದ್ದನೆಂದು ಪ್ಲುಟಾರ್ಕ್ ಬರೆದಿದ್ದಾನೆ. ಈ ಸಂಖ್ಯೆ ಎಲ್ಲಿಂದ ಬಂತೆಂಬುದು ಶತಮಾನಗಳ ಕಾಲ ಬಿಡಿಸಲಾಗದ ಒಗಟಾಗಿತ್ತು. ಮೂರು ಅಕ್ಷರಗಳಿಗೆ ಆವರಣ ಹಾಕಲು ಮೂರು ಬಗೆಗಳಿವೆ: ಕಖಗ, (ಕಖ)ಗ, ಕ(ಖಗ). ನಾಲ್ಕು ಅಕ್ಷರಗಳಿಗೆ 11. ಹೀಗೆ ಹತ್ತಕ್ಕೆ ಬಂದರೆ ಸಿಗುವುದು ಕರಾರುವಾಕ್ಕಾಗಿ 1,03,049! ಅಮೆರಿಕದ ಒಬ್ಬ ವಿದ್ಯಾರ್ಥಿ ಇದನ್ನು ಗುರುತಿಸಿದ್ದು 1994ರಲ್ಲಿ. ಗ್ರೀಕರಿಗೆ ಎಣಿಕೆಯ ಗಣಿತದಲ್ಲಿ ಆಸಕ್ತಿ ಇರಲಿಲ್ಲವೆಂಬ ನಂಬಿಕೆಯನ್ನೇ ಇದು ಅಲುಗಿಸಿತು.

● ನಾಲ್ಕು ಸಮಬಾಹು ತ್ರಿಭುಜಗಳ ಚತುಷ್ಫಲಕಗಳನ್ನು ಸಂದಿಲ್ಲದೆ ಜೋಡಿಸಿ ಜಾಗ ತುಂಬಬಹುದೆಂದು ಅರಿಸ್ಟಾಟಲ್ ಹೇಳಿದ್ದ. ಅದು ತಪ್ಪು: ಒಂದು ಅಂಚಿನ ಸುತ್ತ ಐದನ್ನು ಇಟ್ಟರೂ 7 ಡಿಗ್ರಿಗಿಂತ ಸ್ವಲ್ಪ ಹೆಚ್ಚು ಸಂದು ಉಳಿಯುತ್ತದೆ. 2010ರಲ್ಲಿ ಕಂಡುಹಿಡಿದ ಒಂದು ಜೋಡಣೆ ಶೇ 85.63ರಷ್ಟು ಜಾಗ ತುಂಬುತ್ತದೆ.

● ಜೇನುಗೂಡಿನ ಕೋಣೆಗಳಿಗೆ ಆರು ಬದಿ ಏಕೆ? ಕಡಿಮೆ ಮೇಣದಲ್ಲಿ ಹೆಚ್ಚು ಜೇನು ಹಿಡಿಸಲು ಎಂದ ಅಲೆಕ್ಸಾಂಡ್ರಿಯಾದ ಪಾಪಸ್, 4ನೇ ಶತಮಾನದಲ್ಲಿ. ಸಮತಲವನ್ನು ಸಮ ವಿಸ್ತೀರ್ಣದ ಭಾಗಗಳಾಗಿ ಹಂಚುವಾಗ ಷಡ್ಭುಜಕ್ಕಿಂತ ಮಿತವಾದ ಆಕಾರವಿಲ್ಲ ಎಂದು ಥಾಮಸ್ ಹೇಲ್ಸ್ ಸಾಧಿಸಿದ್ದು 1999ರಲ್ಲಿ.

● ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದದ್ದು ಪರಿಪೂರ್ಣ ಸಂಖ್ಯೆ: 6 = 1+2+3. ಇಂಥವನ್ನು ಪಡೆಯುವ ದಾರಿ ಯೂಕ್ಲಿಡ್ ತೋರಿಸಿದ್ದಾನೆ. 1+2+4 = 7, ಅದು ಅವಿಭಾಜ್ಯ; 7×4 = 28, ಅದು ಪರಿಪೂರ್ಣ. 2024ರ ಅಕ್ಟೋಬರಿನಲ್ಲಿ ಸಿಕ್ಕ ದೈತ್ಯ ಅವಿಭಾಜ್ಯದಿಂದ ಹೀಗೆ ತಿಳಿದ ಪರಿಪೂರ್ಣ ಸಂಖ್ಯೆಗಳು 52 ಆದವು. ಎಲ್ಲವೂ ಸಮಸಂಖ್ಯೆಗಳೇ. ಪರಿಪೂರ್ಣವಾದ ಬೆಸಸಂಖ್ಯೆ ಇದೆಯೇ? ಇದೆ ಎಂದಾಗಲಿ ಇಲ್ಲ ಎಂದಾಗಲಿ ಇಂದಿಗೂ ಯಾರೂ ಸಾಧಿಸಿಲ್ಲ. ಪ್ರಶ್ನೆ ಅರ್ಥವಾಗಲು ಹೈಸ್ಕೂಲಿನ ಗಣಿತವೇ ಸಾಕು. ಮನೆಯ ಮಕ್ಕಳ ಮುಂದೆ ಇದನ್ನು ಇಂದೇ ಇಡಿ.