ನಿಮಗಿದು ಗೊತ್ತೆ? ಬೆನ್ನ ಮೇಲೆ ಎಳೆ ಬಿಟ್ಟ ಗಂಡು

ಶಿರಸಿ, ಸಿದ್ದಾಪುರದ ಅಘನಾಶಿನಿ ಇರಲಿ, ಯಲ್ಲಾಪುರದ ಬೇಡ್ತಿ ಇರಲಿ, ಬಾಲದ ಬುಡದ ಹತ್ತಿರ ಕಪ್ಪು ಬೊಟ್ಟಿರುವ ಬೆಳ್ಳಿಮೈಯ ಮೀನುಗಳು ಕಂಡರೆ ಬೆನ್ನಿನ ರೆಕ್ಕೆ ಗಮನಿಸಿ. ಅದರ ಕಡ್ಡಿಗಳು ದಾರದಂತೆ ನೀಳವಾಗಿ ಹೊರಚಾಚಿದ್ದರೆ ಅದು ಪ್ರಾಯದ ಗಂಡು. ಹೆಣ್ಣಿಗೆ ಈ ವೈಭವವಿಲ್ಲ. ಕೂಡುವ ಕಾಲಕ್ಕೆ ಗಂಡಿನ ಮೂತಿಯ ಮೇಲೆ ಸಣ್ಣ ಬಿಳಿ ಗುಳ್ಳೆಗಳೂ ಏಳುತ್ತವೆ. ಎದುರಾಳಿ ಬಂದರೆ ಮಗ್ಗುಲಿಗೆ ಮಗ್ಗುಲು ನಿಂತು ರೆಕ್ಕೆ ಬಿಚ್ಚಿ ತೋರಿಸುತ್ತದೆ. ಜಗಳವೂ ಕಣ್ಣಿನ ಭಾಷೆಯಲ್ಲೇ! ಗಂಡಿನ ಇಂಥ ಒಡವೆಗಳನ್ನು ಬೆಳೆಸುವುದು ಹೆಣ್ಣಿನ ಆಯ್ಕೆ ಎಂದು 1871ರಲ್ಲೇ ವಾದಿಸಿದವನು ಡಾರ್ವಿನ್. ಈ ಮೀನಿನ ಕುಲಕ್ಕೆ 2012ರಲ್ಲಿ ಶ್ರೀಲಂಕಾದ ರೋಹನ್ ಪೆತಿಯಾಗೊಡ ಮತ್ತು ಸಂಗಡಿಗರು ಇಟ್ಟ ಹೆಸರು ‘ಡಾಕಿನ್ಸಿಯಾ’. ‘ದಿ ಸೆಲ್ಫಿಶ್ ಜೀನ್’ ಬರೆದ ರಿಚರ್ಡ್ ಡಾಕಿನ್ಸ್ ಅವರ ಗೌರವಾರ್ಥ.